ಗಾಲಿಗೆ ಕಿವಿಗೊಟ್ಟವರು

ಅವರು ಹೋದರು ಎಂದು ಶೈಲಾ ಫೋನ್ ಮಾಡಿದ್ದು ಒಂದು ಶನಿವಾರ ಬೆಳಿಗ್ಗೆ. ಟೆಕ್ಸಾಸ್‌ನ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ನಮ್ಮ ಮನೆಯಲ್ಲಿ ನಾನು ದೋಸೆ ಹಿಟ್ಟು ಕಲಸುತ್ತಿದ್ದೆ. ಶೈಲಾ ಎಂದರೆ ಅವರ ಹೆಂಡತಿ, ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದವರು. ಕ್ಲಿಯರ್ ಲೇಕಿನ ಮನೆಯ ಗ್ಯಾರೇಜಿನಲ್ಲಿ ನಿಂತಲ್ಲೇ ಕುಸಿದರಂತೆ, ಆಂಬುಲೆನ್ಸ್ ಬರುವ ಮೊದಲೇ ಮುಗಿದಿತ್ತಂತೆ. ಇಂಥ ಹೊತ್ತಿನಲ್ಲಿ ಹೇಳಬೇಕಾದ ಮಾತುಗಳನ್ನೆಲ್ಲ ಹೇಳಿ ಫೋನ್ ಇಟ್ಟ ಮೇಲೆ ನಾನು ಮೊದಲು ನೋಡಿಕೊಂಡದ್ದು ಸೌಟು ಹಿಡಿದಿದ್ದ ನನ್ನ ಬಲಗೈಯನ್ನು. ಅದು ಒಂದಿಷ್ಟೂ ನಡುಗುತ್ತಿರಲಿಲ್ಲ. ನನ್ನ ಕೈ ನಡುಗುವುದಿಲ್ಲ ಎಂದು ಕಂಡುಹಿಡಿದು ಹೊಗಳಿದವರೇ ಅವರು.

ಸಂಜೆಯ ಹೊತ್ತಿಗೆ ಕನ್ನಡ ಬಳಗದವರಿಂದ ಇಮೇಲ್ ಬಂತು. ಅದರಲ್ಲಿ ಅವರನ್ನು ಮೃದು ಸ್ವಭಾವದವರು ಎಂದು ಬಣ್ಣಿಸಿದ್ದರು. ಬರೆದವರ ಕಪಾಳಕ್ಕೆ ಎರಡು ಬಿಗಿಯಬೇಕು ಅನ್ನಿಸಿತು. ಅವರು ಮೃದುವಲ್ಲ. ಅವರ ಪಕ್ಕದಲ್ಲಿ ಮೂರು ವರ್ಷ ಬದುಕಿದ ಯಾರಿಗೂ ಆ ಪದ ಬಾಯಿಗೆ ಬರಲು ಸಾಧ್ಯವಿಲ್ಲ. ಆದರೆ ನನಗೆ ಅವರು ಇಷ್ಟವಾಗಿದ್ದರು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವುದೆಲ್ಲ ಸುಳ್ಳಾಗುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸು. ಅವರು ಆಸ್ಟಿನ್ನಿನ ಒಂದು ಚಿಪ್ ಕಾರ್ಖಾನೆಯಲ್ಲಿ ಯಂತ್ರ ರಿಪೇರಿಯ ಇಂಜಿನಿಯರ್, ನಾನು ಇನ್ನೊಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗಿನವಳು. ನನ್ನ ಗಂಡನಿಗೆ ಡಾಲಸ್‌ನಲ್ಲಿ ಕೆಲಸ, ವಾರವಿಡೀ ಅಲ್ಲೇ. ನಮ್ಮ ಮನೆಗೂ ಅವರ ಮನೆಗೂ ನಡುವೆ ಗ್ಯಾರೇಜಿಗೆ ಕಾರು ಹೋಗುವ ಒಂದು ಡ್ರೈವ್‌ವೇ. ಅವರ ಮಗ ಸುಮಂತ, ನನ್ನ ಮಗ ನಕುಲ ಇಬ್ಬರಿಗೂ ಎಂಟು ವರ್ಷ, ಇಬ್ಬರೂ ಒಂದೇ ಸ್ಕೌಟ್ ಗುಂಪಿನವರು. ಹುಬ್ಬಳ್ಳಿಯ ಅವರು ನನ್ನನ್ನು ವೈನಿ ಎಂದು ಕರೆಯುತ್ತಿದ್ದರು. ಮೈಸೂರಿನವಳಾದ ನನಗೆ ಅತ್ತಿಗೆ ಎನ್ನುವುದಕ್ಕಿಂತ ಅದೇ ಚೆನ್ನಾಗಿ ಕೇಳಿಸುತ್ತಿತ್ತು.

ಆ ಸ್ಕೌಟ್ ಮಕ್ಕಳಿಗೆ ವರ್ಷಕ್ಕೊಮ್ಮೆ ಪೈನ್‌ವುಡ್ ಡರ್ಬಿ ಎಂಬ ಪಂದ್ಯ. ಪ್ರತಿ ಮಗುವಿಗೆ ಗೇಣುದ್ದದ ಒಂದು ಪೈನ್ ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಗಾಲಿ, ನಾಲ್ಕು ಮೊಳೆ ಕೊಡುತ್ತಾರೆ. ಮರವನ್ನು ಕೆತ್ತಿ ಕಾರು ಮಾಡಬೇಕು, ಮೊಳೆಗಳೇ ಅಚ್ಚು. ಮೋಟಾರಿಲ್ಲ, ಏನೂ ಇಲ್ಲ. ಇಳಿಜಾರಿನ ಹಲಗೆಯ ಮೇಲಿಂದ ಬಿಟ್ಟರೆ ಮೂರು ಸೆಕೆಂಡಿನಲ್ಲಿ ಕೆಳಗೆ ಬಂದಿರುತ್ತದೆ. ಕಾರನ್ನು ಮಗುವೇ ಮಾಡಬೇಕು, ಅಪ್ಪ ಸಹಾಯ ಮಾಡಬಹುದು ಎಂಬುದು ನಿಯಮ. ನಮ್ಮ ಅಪ್ಪಂದಿರು ಈ ನಿಯಮವನ್ನು ಹೇಗೆ ಅರ್ಥ ಮಾಡಿಕೊಂಡಿದ್ದರು ಎಂದು ನಾನು ಹೇಳಬೇಕಾಗಿಲ್ಲ. ಹತ್ತು ಇಂಜಿನಿಯರಿಂಗ್ ಡಿಗ್ರಿ ಸೇರಿ ಒಂದು ಮರದ ತುಂಡಿನ ಮೇಲೆ ಬಿದ್ದರೆ ಮಗುವಿಗೆ ಉಳಿಯುವುದು ಬಣ್ಣ ಬಳಿಯುವ ಕೆಲಸ ಮಾತ್ರ.

ಆದರೆ ಅವರ ಮುಂದೆ ಉಳಿದವರೆಲ್ಲ ನೀರು ಕುಡಿಯಬೇಕಿತ್ತು. ಅವರು ಗಾಲಿಯನ್ನು ಮೊಳೆಗೆ ಸಿಕ್ಕಿಸಿ, ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ಒಮ್ಮೆ ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಲ್ಲಿ ಒರಟಿದೆ, ಎಲ್ಲಿ ಮೊಳೆ ಕೂದಲೆಳೆಯಷ್ಟು ಬಾಗಿದೆ, ಗಾಲಿ ನುಣ್ಣಗೆ ತಿರುಗಲೆಂದು ಹಾಕುವ ಗ್ರಾಫೈಟಿನ ಕರಿ ಪುಡಿ ಎಲ್ಲಿ ಕಡಿಮೆಯಾಗಿದೆ, ಎಲ್ಲವೂ ಅವರಿಗೆ ಕೇಳಿಸುತ್ತಿತ್ತು. ಆಮೇಲೆ ಒಂದು ಪುಟ್ಟ ಹಿತ್ತಾಳೆ ಸುತ್ತಿಗೆಯಿಂದ ಮೊಳೆಯ ತಲೆಗೆ ಟಕ್ ಎಂದು ಒಂದೇ ಏಟು. ಮತ್ತೆ ಕಿವಿ. “ಗಾಲಿ ಸುಳ್ಳ ಹೇಳೂದಿಲ್ರಿ ವೈನಿ, ಮಂದಿ ಹೇಳ್ತಾರ,” ಎನ್ನುತ್ತಿದ್ದರು. ಆ ಮುಖದಲ್ಲಿದ್ದ ಶಾಂತಿಯನ್ನು ನಾನು ಅವರಲ್ಲಿ ಬೇರೆ ಯಾವಾಗಲೂ ಕಂಡಿಲ್ಲ.

ಬೇರೆ ಯಾವಾಗಲೂ ಅವರ ಕೈಗಳು ಏನನ್ನಾದರೂ ಮುರಿಯಲು ಕಾಯುತ್ತಿರುತ್ತಿದ್ದವು. ಗ್ಯಾರೇಜಿನ ಗೋಡೆಯಲ್ಲಿ ಮುಷ್ಟಿ ಗಾತ್ರದ ಒಂದು ತೂತಿತ್ತು. ಅದರ ಮೇಲೆ ಇಂಡಿಯನ್ ಗ್ರೋಸರಿ ಅಂಗಡಿಯ ಕ್ಯಾಲೆಂಡರ್ ನೇತು ಹಾಕಿದ್ದರು, ಲಕ್ಷ್ಮಿಯ ಚಿತ್ರದ್ದು. ಒಮ್ಮೆ ಹುಲ್ಲು ಕತ್ತರಿಸುವ ಯಂತ್ರ ಸ್ಟಾರ್ಟ್ ಆಗಲಿಲ್ಲ ಎಂದು ಅದನ್ನು ಎತ್ತಿ ಡ್ರೈವ್‌ವೇಗೆ ಬಡಿದರು, ಚಕ್ರವೊಂದು ಉರುಳಿ ನಮ್ಮ ಬಾಗಿಲಿಗೆ ಬಂತು. ಬಳಗದ ಪಿಕ್ನಿಕ್ಕಿನಲ್ಲಿ ವಾಲಿಬಾಲ್ ಆಡುವಾಗ ಯಾರೋ ತಮಾಷೆಗೆ ಏನೋ ಅಂದದ್ದಕ್ಕೆ ಅವನ ಕೊರಳಪಟ್ಟಿ ಹಿಡಿದು ಮರಕ್ಕೆ ಒತ್ತಿದರು. ಬಿಡಿಸಲು ನಾಲ್ಕು ಜನ ಬೇಕಾದರು. ಐದು ನಿಮಿಷವಾದ ಮೇಲೆ ಅದೇ ಮನುಷ್ಯನ ತಟ್ಟೆಗೆ ತಾವೇ ಚಿತ್ರಾನ್ನ ಬಡಿಸಿದರು.

ನಮ್ಮ ಹಿತ್ತಲಿಗೆ ಗಿಲಕಿ ಹಾವು ಬಂದ ದಿನವನ್ನು ಮರೆಯುವಂತಿಲ್ಲ. ಬಾಲ ಅಲುಗಿಸಿ ಸದ್ದು ಮಾಡುವ ವಿಷದ ಹಾವು, ಟೆಕ್ಸಾಸ್‌ನಲ್ಲಿ ಮನೆ ಕೊಂಡವರಿಗೆ ಪುಕ್ಕಟೆ ಬರುವ ನೆಂಟ. ನಾನು ಕಿರುಚಿದ್ದು ಕೇಳಿ ಅವರು ಸಲಿಕೆ ಹಿಡಿದು ಬೇಲಿ ಹಾರಿ ಬಂದರು. ಮೊದಲ ಏಟಿಗೇ ತಲೆ ಬೇರೆಯಾಯಿತು. ಅವರು ನಿಲ್ಲಿಸಲಿಲ್ಲ. ಎರಡು, ಮೂರು, ಹತ್ತು, ಇಪ್ಪತ್ತು ಏಟು. ಹಾವು ಹಾವಾಗಿ ಉಳಿಯಲಿಲ್ಲ, ಹುಲ್ಲಿನ ಮೇಲೆ ಕೆಂಪು ಮುದ್ದೆಯಾಯಿತು. ನಕುಲ ನನ್ನ ಸೊಂಟಕ್ಕೆ ಅಂಟಿಕೊಂಡು ನೋಡುತ್ತಿದ್ದ. ಸುಮಂತ ಮಾತ್ರ ಯಾರೂ ಹೇಳದೆಯೇ ಬಕೆಟ್ ತಂದು ಪಕ್ಕದಲ್ಲಿ ಇಟ್ಟು, ಅಪ್ಪನ ಕೈ ನಿಲ್ಲುವುದನ್ನೇ ಕಾಯುತ್ತ ನಿಂತಿದ್ದ. ಅವನಿಗೆ ಅದು ಎಷ್ಟು ಹೊತ್ತು ನಡೆಯುತ್ತದೆ ಎಂಬ ಅಂದಾಜಿತ್ತು. ಅವರು ಕೈ ತೊಳೆದು, ನಮ್ಮ ಅಡುಗೆಮನೆಯಲ್ಲಿ ಕೂತು, ಕಾಫಿ ಕೇಳಿ ಕುಡಿದು, ಇನ್ನು ಭಯ ಇಲ್ಲ ಎಂದು ಹೇಳಿ ಹೋದರು.

ಅವರ ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಅದರ ಕಥೆಯನ್ನು ನಗುತ್ತಲೇ ಹೇಳುತ್ತಿದ್ದರು. ಹುಬ್ಬಳ್ಳಿಯಲ್ಲಿ ಅವರ ಅಪ್ಪನದು ಲೇಥ್ ಮಷೀನಿನ ಅಂಗಡಿ. ಹತ್ತು ವರ್ಷದ ಇವರು ಒಂದು ತೂತನ್ನು ಸ್ವಲ್ಪ ಆಚೆಗೆ ಕೊರೆದರು. ಅಪ್ಪ ಬೋಲ್ಟ್ ತಿರುಗಿಸುವ ಪಾನಾ ತೆಗೆದುಕೊಂಡು ಬೆರಳಿನ ಮೇಲೆ ಹೊಡೆದ. “ಅವತ್ತ ಕಲತೆ ನೋಡ್ರಿ. ಆಮ್ಯಾಲೆ ನನ್ನ ತೂತು ಎಂದೂ ತಪ್ಪಿಲ್ಲ,” ಎಂದು ಆ ಬೆರಳನ್ನು ಪದಕದ ಹಾಗೆ ಎತ್ತಿ ತೋರಿಸುತ್ತಿದ್ದರು. ಕೇಳಿದ ನಾವೆಲ್ಲ ನಕ್ಕಿದ್ದೇವೆ, ನಾನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೆ.

ಹಾಗಿದ್ದರೆ ಇಷ್ಟವಾದದ್ದು ಯಾಕೆ? ನನ್ನ ಹಳೆಯ ಕಾರು ಆಫೀಸಿನ ದಾರಿಯಲ್ಲಿ ನಿಂತರೆ ಲಂಚ್ ಬಿಟ್ಟು ಓಡಿ ಬರುತ್ತಿದ್ದರು. ನನಗೆ ಜ್ವರ ಬಂದ ವಾರ ನಕುಲನನ್ನು ಶಾಲೆಗೆ ಬಿಟ್ಟು ಕರೆತಂದವರು ಅವರು, ಜೋಳದ ರೊಟ್ಟಿ ಕಟ್ಟಿಸಿಕೊಂಡು ಬಂದವರು ಅವರು. ಗಂಡ ಊರಲ್ಲಿಲ್ಲದ ಮನೆಗೆ ಅಂಥದ್ದೊಂದು ಬಲ ಎಷ್ಟು ದೊಡ್ಡದು ಎಂಬುದು ಅನುಭವಿಸಿದವರಿಗೆ ಗೊತ್ತು. ಮತ್ತೆ ಆ ಹೊಗಳಿಕೆ. ಗಾಲಿಯ ಒಳಗಿನ ಒರಟು ಕಾಣಬೇಕಾದರೆ ಯಾರಾದರೂ ಟಾರ್ಚ್ ಹಿಡಿಯಬೇಕಿತ್ತು. ಶೈಲಾಳ ಕೈ ನಡುಗುತ್ತಿತ್ತು, ಸುಮಂತನದಂತೂ ಇನ್ನೂ ಹೆಚ್ಚು. ಒಂದು ಭಾನುವಾರ ನಾನು ಹಿಡಿದೆ. ಅರ್ಧ ಗಂಟೆಯಾದರೂ ಬೆಳಕು ಕದಲಲಿಲ್ಲ. “ನಿಮ್ಮ ಕೈ ನಡುಗಂಗಿಲ್ಲ ನೋಡ್ರಿ ವೈನಿ. ಇಂಥಾ ಕೈ ಸಾವಿರಕ್ಕೊಂದು,” ಎಂದರು. ಆ ವರ್ಷ ಬೇರೆ ಯಾರೂ ನನ್ನನ್ನು ಯಾವುದಕ್ಕೂ ಹೊಗಳಿರಲಿಲ್ಲ. ಅವತ್ತಿನಿಂದ ಅವರ ಗ್ಯಾರೇಜಿನಲ್ಲಿ ಟಾರ್ಚ್ ನನ್ನದೇ ಆಯಿತು. ನಕುಲನ ಕಾರನ್ನೂ ಅವರೇ ಸರಿ ಮಾಡಿಕೊಟ್ಟರು.

ಪಂದ್ಯ ನಡೆದದ್ದು ಮಕ್ಕಳ ಶಾಲೆಯ ಊಟದ ಹಾಲ್‌ನಲ್ಲಿ. ಪ್ರತಿ ಕಾರೂ ನಾಲ್ಕು ಸಲ ಓಡಬೇಕು, ನಾಲ್ಕೂ ಓಟದ ಸಮಯ ಕೂಡಿಸಿ ಗೆದ್ದವರನ್ನು ತೀರ್ಮಾನಿಸುತ್ತಾರೆ. ಗೆಲುವಿನ ಗೆರೆಯ ದೀಪಗಳು ಎದ್ದು ಕಾಣಲಿ ಎಂದು ಹಾಲ್‌ನ ದೀಪಗಳನ್ನು ಅರ್ಧ ಆರಿಸಿದ್ದರು. ಮೊದಲ ಎರಡು ಓಟದಲ್ಲಿ ಸುಮಂತನ ಕೆಂಪು ಕಾರು ಎಲ್ಲರಿಗಿಂತ ಮುಂದೆ. ಎರಡನೆಯ ಓಟ ಮುಗಿಸಿ ಕಾರು ಎತ್ತಿಕೊಂಡು ಬರುವಾಗ ಹುಡುಗನ ಕೈಯಿಂದ ಅದು ಜಾರಿ ಟೈಲ್ಸ್ ನೆಲಕ್ಕೆ ಬಿತ್ತು. ಮುಂದಿನ ಗಾಲಿಯ ಮೊಳೆ ಬಾಗಿತು.

ಮುರಿದದ್ದನ್ನು ಸರಿಪಡಿಸಲು ಐದು ನಿಮಿಷ ಕೊಡುತ್ತಾರೆ. ಮೂಲೆಯ ಕತ್ತಲಲ್ಲಿ ಅದಕ್ಕೊಂದು ಮೇಜಿತ್ತು. ಅಲ್ಲಿ ನಾವು ಮೂವರೇ. ಅವರು ಕಾರನ್ನು ಮಗುಚಿ ಹಿಡಿದರು, ನಾನು ಟಾರ್ಚ್ ಹಿಡಿದೆ, ಸುಮಂತನ ಕೈಯಲ್ಲಿ ಗ್ರಾಫೈಟ್ ಪುಡಿಯ ಟ್ಯೂಬ್. ಅವರು ಗಾಲಿ ಬಿಚ್ಚಿ, ಮೊಳೆಯನ್ನು ಸರಿ ಮಾಡಿ, ಮತ್ತೆ ಕೂರಿಸಿ, ಕಿವಿಗೆ ಹಿಡಿದು ಕೇಳಿದರು. ತಲೆಯಾಡಿಸಿ ಸುತ್ತಿಗೆ ಎತ್ತಿಕೊಂಡರು. ಒಂದು ಚಿಟಿಕೆ ಹಾಕು ಎಂದರು. ಹುಡುಗ ಟ್ಯೂಬ್ ಒತ್ತಿದ. ಹೆದರಿದ್ದ ಕೈ, ಜಾಸ್ತಿಯೇ ಒತ್ತಿತು. ಕರಿ ಪುಡಿ ಗಾಲಿಯ ಮೇಲೂ ಮೇಜಿನ ಮೇಲೂ ಸುರಿಯಿತು.

ಸುತ್ತಿಗೆ ಮೊಳೆಗೆ ಟಕ್ ಎಂದಿತು, ಮತ್ತೊಮ್ಮೆ ಟಕ್ ಎಂದಿತು. ಮೂರನೆಯ ಏಟು ಮೇಜಿನ ಅಂಚಿನಲ್ಲಿದ್ದ ಹುಡುಗನ ಬೆರಳ ಗೆಣ್ಣಿನ ಮೇಲೆ ಬಿತ್ತು. ಕೈ ತಪ್ಪಿ ಬಿದ್ದದ್ದಲ್ಲ. ಅವರ ಸುತ್ತಿಗೆ ತಪ್ಪುವಂಥದ್ದಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು. ನನ್ನ ಟಾರ್ಚಿನ ಬೆಳಕಿನ ವೃತ್ತದೊಳಗೇ ಅದು ನಡೆಯಿತು. ಹುಡುಗ ಕೂಗಲಿಲ್ಲ. ಕೈಯನ್ನು ಕಂಕುಳಲ್ಲಿ ಒತ್ತಿಕೊಂಡು, ಅಪ್ಪನನ್ನು ನೋಡದೆ ನನ್ನನ್ನು ನೋಡಿದ. ನಾನು ಗಾಲಿಯನ್ನು ನೋಡಿದೆ.

“ಬೆಳಕು ಅಲ್ಲೇ ಇರ್ಲಿ ವೈನಿ,” ಎಂದರು ಅವರು, ತಲೆ ಎತ್ತದೆ.

ಇತ್ತು. ಅಲ್ಲೇ ಇತ್ತು. ಕೂದಲೆಳೆಯಷ್ಟೂ ಕದಲಲಿಲ್ಲ.

ಕಾರು ಉಳಿದೆರಡು ಓಟವನ್ನೂ ಗೆದ್ದಿತು. ಸುಮಂತ ಮೊದಲು, ನಕುಲ ಮೂರನೆಯವನು. ಆವತ್ತಿನ ಫೋಟೊ ಇನ್ನೂ ನನ್ನ ಹತ್ತಿರ ಇದೆ. ಎಲ್ಲರೂ ನಗುತ್ತಿದ್ದೇವೆ, ಸುಮಂತನ ಒಂದು ಕೈ ಜೇಬಿನಲ್ಲಿದೆ. ಸಂಜೆ ಡಾಲಸ್‌ಗೆ ಫೋನ್ ಮಾಡಿ ಗಂಡನಿಗೆ ಹೇಳಿದೆ. ಮೂಳೆ ಮುರಿದಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನಾವು ತಲೆ ಹಾಕುವುದು ಬೇಡ, ನಮಗೂ ಚಿಕ್ಕಂದಿನಲ್ಲಿ ಏಟು ಬಿದ್ದಿಲ್ಲವೇ ಎಂದರು. ನನಗೂ ಅಷ್ಟೇ ಬೇಕಾಗಿತ್ತು. ಯಾರಾದರೂ ಬಿಡು ಎನ್ನಲಿ ಎಂದೇ ಫೋನ್ ಮಾಡಿದ್ದೆ.

ಇದಕ್ಕಿಂತ ದೊಡ್ಡ ಪಂದ್ಯ ಆಸ್ಟಿನ್ನಿನಲ್ಲಿ, ಆರು ವಾರ ಬಿಟ್ಟು. ಅಷ್ಟರೊಳಗೆ ಆ ಕಾರಿನಿಂದ ಇನ್ನೂ ನೂರರಲ್ಲೊಂದು ಸೆಕೆಂಡ್ ಕಿತ್ತುಕೊಳ್ಳಬೇಕು ಎಂದು ಅವರು ಹಟ ತೊಟ್ಟರು. ಪ್ರತಿ ಸಂಜೆ ಗ್ಯಾರೇಜಿನಲ್ಲಿ, ಬೆಂಚಿನ ಮೇಲಿನ ಕಬ್ಬಿಣದ ವೈಸಿನ ದವಡೆಗೆ ಕಾರನ್ನು ಕಚ್ಚಿಸಿ ಹೊಡೆಯುವ ಸುತ್ತಿಗೆಯ ಸದ್ದು. ಅದರ ನಡುವೆ ಬೇರೆ ಸದ್ದೂ ಇರುತ್ತಿತ್ತು, ಚರ್ಮದ ಮೇಲೆ ಅಂಗೈ ಬೀಳುವ ಸದ್ದು. ನಾನು ಟಿವಿ ಜೋರು ಮಾಡುತ್ತಿದ್ದೆ.

ಮೂರನೆಯ ವಾರ ಶಾಲೆಯ ಕೌನ್ಸೆಲರ್ ನನ್ನ ಆಫೀಸಿಗೆ ಫೋನ್ ಮಾಡಿದಳು. ಸುಮಂತನ ತುರ್ತು ಸಂಪರ್ಕದ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಅದಕ್ಕೇ ಇರಬೇಕು ಅಂದುಕೊಂಡೆ. ತುಂಬ ಮೆತ್ತಗಿನ ದನಿ. ತಂದೆ ಆ ಮಗುವಿಗೆ ಹೊಡೆದದ್ದನ್ನು ನೀವು ಎಂದಾದರೂ ಕಣ್ಣಾರೆ ನೋಡಿದ್ದೀರಾ ಎಂದು ಕೇಳಿದಳು. ನನ್ನ ತಲೆಯಲ್ಲಿ ಒಂದೇ ಕ್ಷಣಕ್ಕೆ ಎಲ್ಲ ಓಡಿತು. ಪೊಲೀಸ್ ಬರುತ್ತಾರೆ, ಮಗುವನ್ನು ಎಳೆದುಕೊಂಡು ಹೋಗುತ್ತಾರೆ, ನಮ್ಮೆಲ್ಲರ ಗ್ರೀನ್ ಕಾರ್ಡ್ ಅರ್ಜಿಗಳು ಅರ್ಧ ದಾರಿಯಲ್ಲಿವೆ, ಅವರು ಗಂಟುಮೂಟೆ ಕಟ್ಟಬೇಕಾಗುತ್ತದೆ, ಹೇಳಿದವಳು ನಾನು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಇಲ್ಲ, ಎಂದೂ ನೋಡಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆ ಮನೆಯಲ್ಲಿ ಶಿಸ್ತು ಸ್ವಲ್ಪ ಜಾಸ್ತಿ, ಅದು ನಮ್ಮ ಸಂಸ್ಕೃತಿ, ನಿಮಗೆ ಅರ್ಥವಾಗುವುದು ಕಷ್ಟ ಎಂದೂ ಸೇರಿಸಿದೆ. ಆ ಹೆಂಗಸು ಗಾಬರಿಯಾಗಿ ಕ್ಷಮೆ ಕೇಳಿದಳು. ಸಂಸ್ಕೃತಿ ಎಂದರೆ ಅಮೆರಿಕದವರು ಬಾಯಿ ಮುಚ್ಚುತ್ತಾರೆ ಎಂದು ನಮಗೆಲ್ಲ ಗೊತ್ತಿದ್ದ ಉಪಾಯ ಅದು.

ಅದಕ್ಕಿಂತ ಕೆಟ್ಟದ್ದನ್ನು ಮನೆಗೆ ಬಂದು ಮಾಡಿದೆ. ಉಪಕಾರ ಎಂದುಕೊಂಡು ಮಾಡಿದೆ. ಶೈಲಾಳನ್ನು ಕರೆದು, ಶಾಲೆಯವರು ವಿಚಾರಿಸುತ್ತಿದ್ದಾರೆ, ಸ್ವಲ್ಪ ಹುಷಾರಾಗಿರಿ, ನಾನು ಏನೂ ಹೇಳಿಲ್ಲ ಎಂದು ಎಚ್ಚರಿಸಿದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಹೋಗಿ ಗಂಡನಿಗೆ ಹೇಳಿದಳು.

ಮರುದಿನ ಶನಿವಾರ. ನಾನು ಡ್ರೈವ್‌ವೇಯಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದೆ. ಅವರ ಗ್ಯಾರೇಜಿನ ಬಾಗಿಲು ಪೂರ್ತಿ ಕೆಳಗಿತ್ತು. ಒಳಗಿಂದ ಮೊದಲು ಅವರ ದನಿ ಬಂತು. “ಯಾರ ಮುಂದ ಏನಂದಿ? ಹೇಳು. ಯಾರ ಮುಂದ?” ಆಮೇಲೆ ಏನೋ ಬೆಂಚಿಗೆ ಬಡಿದ ಸದ್ದು, ಮತ್ತೆ ಮತ್ತೆ ಬಡಿದ ಸದ್ದು. ಆಮೇಲೆ ಒಂದು ಕೂಗು. ಹಾವಿನ ದಿನ ಬಕೆಟ್ ಹಿಡಿದು ಸುಮ್ಮನೆ ನಿಂತಿದ್ದ ಹುಡುಗ, ಸುತ್ತಿಗೆ ಬಿದ್ದಾಗಲೂ ಕೂಗದ ಹುಡುಗ ಕೂಗಿದ. ಕೈಯಲ್ಲಿದ್ದ ಪೈಪ್‌ನಿಂದ ನೀರು ಒಂದೇ ಸಮ ಗಿಡದ ಬುಡಕ್ಕೇ ಬೀಳುತ್ತಿತ್ತು. ಬುಡದ ಮಣ್ಣು ಕೊಚ್ಚಿ ಬೇರು ಕಾಣುವವರೆಗೆ ನಾನು ಅಲ್ಲೇ ನಿಂತಿದ್ದೆ.

ಸೋಮವಾರ ಸುಮಂತನ ಬಲ ಮಣಿಕಟ್ಟಿಗೆ ಹಸಿರು ಪ್ಲಾಸ್ಟರ್. ಸೈಕಲ್ಲಿನಿಂದ ಬಿದ್ದ ಎಂದು ಶೈಲಾ ಹೇಳಿದಳು. ಹೌದಾ, ಪಾಪ ಎಂದೆ. ನಕುಲ ಆ ಪ್ಲಾಸ್ಟರಿನ ಮೇಲೆ ತನ್ನ ಹೆಸರು ಬರೆದ. ಆಂಟಿ, ನೀವೂ ಬರೀರಿ ಎಂದು ಸುಮಂತ ಹೇಳಲಿಲ್ಲ, ನನಗೆ ಪೆನ್ನು ಕೊಡಲಿಲ್ಲ.

ಆಸ್ಟಿನ್ನಿನ ಪಂದ್ಯದಲ್ಲಿ ಅವನು ಎಡಗೈಯಿಂದ ಕಾರನ್ನು ಹಲಗೆಯ ಮೇಲಿಟ್ಟ. ಎರಡನೆಯ ಸ್ಥಾನ ಬಂತು. ಅವರು ಎಲ್ಲರ ಮುಂದೆ ಮಗನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು, ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಓಟಗಳ ನಡುವೆ ಗಾಲಿ ನೋಡುವಾಗ ಅವತ್ತೂ ಟಾರ್ಚ್ ನಾನೇ ಹಿಡಿದಿದ್ದೆ. ಆ ಬೇಸಿಗೆಯಲ್ಲಿ ಅವರಿಗೆ ಹ್ಯೂಸ್ಟನ್ ಕಡೆ ಕೆಲಸ ಸಿಕ್ಕಿತು. ಕ್ಲಿಯರ್ ಲೇಕ್‌ಗೆ ಹೊರಟುಹೋದರು. ನಾನು ಎರಡು ದಿನ ಅತ್ತೆ, ಮೂರನೆಯ ದಿನ ನಿರಾಳವಾಗಿ ನಿದ್ದೆ ಮಾಡಿದೆ.

ಒಂಬತ್ತು ವರ್ಷ ಬಿಟ್ಟು, ಅವರ ಅಂತ್ಯಕ್ರಿಯೆಗೆಂದು ಆ ಮನೆಗೆ ಮೊದಲ ಸಲ ಹೋದೆ. ಕಿತ್ತಳೆ ಬಣ್ಣದ ಸೀರೆಯುಟ್ಟ ಯಾರೋ ಹಿರಿಯರು ಅವರ ಕೈಕೌಶಲದ ಬಗ್ಗೆ ಮಾತಾಡುತ್ತಿದ್ದರು. ಶೈಲಾ ನನ್ನನ್ನು ತಬ್ಬಿ ಅತ್ತಳು. ಸುಮಂತ ಎಲ್ಲಿ ಎಂದು ಕೇಳಿದೆ. ಗ್ಯಾರೇಜಿನಲ್ಲಿದ್ದಾನೆ, ಬೆಳಗಿನಿಂದ ಒಳಗೆ ಬಂದಿಲ್ಲ ಎಂದಳು.

ಹದಿನೇಳು ವರ್ಷದ ಹುಡುಗ, ಅಪ್ಪನಿಗಿಂತ ಎತ್ತರ. ಬೆಂಚಿನ ಕೆಳಗೆ ನುಸುಳಿ ಮಲಗಿದ್ದ. ಬೆಂಚಿಗೆ ಬೋಲ್ಟ್ ಹಾಕಿ ಕೂರಿಸಿದ್ದ ಕಬ್ಬಿಣದ ವೈಸನ್ನು, ಅವರು ಕಾರನ್ನು ಕಚ್ಚಿಸಿ ಹಿಡಿಯುತ್ತಿದ್ದ ಆ ಹಳೆಯ ವೈಸನ್ನು, ಬಿಚ್ಚಿ ಕೀಳುತ್ತಿದ್ದ. ಈ ಗ್ಯಾರೇಜಿನ ಗೋಡೆಯಲ್ಲೂ ಒಂದು ಕ್ಯಾಲೆಂಡರ್ ಇತ್ತು. ಅದರ ಹಿಂದೆ ಏನಿದೆ ಎಂದು ನಾನು ಎತ್ತಿ ನೋಡಲಿಲ್ಲ. ಅವನು ಹೊರಬಂದು, ನಮಸ್ಕಾರ ಆಂಟಿ ಎಂದು, ಟಾರ್ಚನ್ನು ನನ್ನ ಕೈಗೆ ಕೊಟ್ಟ. ಸ್ವಲ್ಪ ಹಿಡಿಯುತ್ತೀರಾ, ನಾಲ್ಕು ಬೋಲ್ಟ್ ಇದೆ ಎಂದ. ನಾನು ಮೊಣಕಾಲೂರಿ ಕೂತು ಬೆಳಕು ಬಿಟ್ಟೆ. ಅವನು ಮೊದಲ ಬೋಲ್ಟ್ ಬಿಚ್ಚುತ್ತ ಇಂಗ್ಲಿಷಿನಲ್ಲಿ, ಹವಾಮಾನದ ಬಗ್ಗೆ ಮಾತಾಡುವಷ್ಟು ಸಲೀಸಾಗಿ ಹೇಳತೊಡಗಿದ.

ಶಾಲೆಯಲ್ಲಿ ಒಬ್ಬಳು ಕೌನ್ಸೆಲರ್ ಇದ್ದಳಲ್ಲ, ಅವಳಿಗೆ ತಾನು ಎಲ್ಲ ಹೇಳಿದ್ದನಂತೆ. ಯಾರಾದರೂ ನೋಡಿದ್ದಾರಾ ಎಂದು ಅವಳು ಕೇಳಿದಳಂತೆ. ಅಮ್ಮನ ಹೆಸರು ಹೇಳಿದರೆ ಅಮ್ಮನಿಗೆ ಏಟು ಬೀಳುತ್ತದೆ ಎಂದು ಯೋಚಿಸಿ, ನನ್ನ ಹೆಸರು ಹೇಳಿದನಂತೆ. ಪಕ್ಕದ ಮನೆಯ ಆಂಟಿ ನೋಡಿದ್ದಾರೆ, ಅವರನ್ನು ಕೇಳಿ, ಅವರು ಹೇಳುತ್ತಾರೆ ಎಂದನಂತೆ. ಎರಡು ದಿನ ಬಿಟ್ಟು ಅವಳು ಅವನನ್ನು ಕರೆದು ಕೂರಿಸಿ, ಸುಳ್ಳು ಹೇಳಿದರೆ ಜನರಿಗೆ ಎಷ್ಟು ತೊಂದರೆಯಾಗುತ್ತದೆ ಎಂದು ಪ್ರೀತಿಯಿಂದಲೇ ಬುದ್ಧಿ ಹೇಳಿದಳಂತೆ.

ಎರಡು ಬೋಲ್ಟ್ ಬಿಚ್ಚಿ ಕೆಳಗಿಟ್ಟು ಅವನು ನನ್ನ ಕಡೆ ತಿರುಗಿದ. ಕನ್ನಡದಲ್ಲಿ ಹೇಳಿದ, ಅಪ್ಪನ ಕನ್ನಡದಲ್ಲಿ.

“ಲೈಟ್ ನಿಮ್ಮ ಕೈಯಾಗ ಇತ್ತು, ಆಂಟಿ.”

ಬೆಂಚಿನ ಕೆಳಗಿನ ಬೆಳಕು ಹುಚ್ಚುಹುಚ್ಚಾಗಿ ಕುಣಿಯುತ್ತಿತ್ತು. ಬೋಲ್ಟುಗಳ ಮೇಲೆ, ಅವನ ಮುಖದ ಮೇಲೆ, ಗೋಡೆಯ ಮೇಲೆ. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಅದುಮಿ ಹಿಡಿದರೂ ನಿಲ್ಲಲಿಲ್ಲ. ಸುಮಂತ ಕೈ ಚಾಚಿ ಟಾರ್ಚನ್ನು ನನ್ನಿಂದ ತೆಗೆದುಕೊಂಡ, ಹಲ್ಲಿನಲ್ಲಿ ಕಚ್ಚಿಕೊಂಡ, ಉಳಿದ ಎರಡು ಬೋಲ್ಟನ್ನು ತಾನೇ ಬಿಚ್ಚಿದ.